ಹನ್ನೊಂದನೆಯ ಪ್ರತಿ

ಗುರುವಾರ ಬೆಳಿಗ್ಗೆ ತಂಗಿ ಅಕ್ಕನ ಮನೆಯ ಬೀಗ ಒಡೆಸಿ ಒಳಗೆ ಕಾಲಿಟ್ಟಾಗ ಅಕ್ಕ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳು. ತಲೆಯ ಹಿಂದಿನ ರಕ್ತ ಆಗಲೇ ಒಣಗಿತ್ತು. ಬೆರಳುಗಳ ತುಂಬ ಅಚ್ಚಿನ ಶಾಯಿ. ಮೇಲಿನ ಕೋಣೆಯಲ್ಲಿ ದೀಪ ಉರಿಯುತ್ತಲೇ ಇತ್ತು.

ಬೀಗ ಹಾಕಿದ್ದು ಹೊರಗಿನಿಂದ. ಅಂದಮೇಲೆ ಬಿದ್ದಾಗ ಇನ್ನೊಬ್ಬರು ಇದ್ದರು! ಅಕ್ಕನ ಕೀಲಿ ಕಾಣೆ. ಇನ್ನೊಂದು ಇದ್ದದ್ದು ಇಪ್ಪತ್ತು ವರ್ಷದಿಂದ ಅವಳ ಚಿತ್ರಗಳಿಗೆ ಅಚ್ಚು ಹಾಕುತ್ತಿದ್ದ, ಎಲ್ಲರೂ ತಾತ ಎನ್ನುತ್ತಿದ್ದ ಮುದುಕರ ಹತ್ತಿರ. ತಂಗಿ ಅಳುತ್ತಲೇ ಅದನ್ನು ಪೊಲೀಸರಿಗೆ ಹೇಳಿಬಿಟ್ಟಳು. ಸಂಜೆಯೊಳಗೆ ತಾತ ಲಾಕಪ್ಪಿನಲ್ಲಿದ್ದರು.

“ನೀನೂ ಹಾಗೇ ಅಂದ್ಕೊಂಡ್ಯಾ ಮಗಳೇ?” ಎಂದಷ್ಟೇ ಕೇಳಿ ಜೀಪು ಹತ್ತಿದ್ದರು.

ನಾಲ್ಕನೆಯ ದಿನ ಅಕ್ಕನ ಚಿತ್ರಗಳನ್ನು ಮಾರುತ್ತಿದ್ದ ಗ್ಯಾಲರಿ ಮಾಲೀಕ ತಂಗಿಯ ಹೊಲಿಗೆ ಅಂಗಡಿಗೆ ಬಂದ. ಮಾತಿನಲ್ಲೇ ಮನೆ ಕಟ್ಟುವ ಆಸಾಮಿ. ಅಕ್ಕನ ಕೊನೆಯ ಚಿತ್ರ ತರುತ್ತೇನೆಂದು ಅವನು ಫೋನ್ ಮಾಡಿದ್ದರಿಂದ, ತಂಗಿ, ಚಿತ್ರದ ಮಾತು ಬಂದರೆ ತಿಳಿಸು ಎಂದಿದ್ದ ಇನ್ಸ್‌ಪೆಕ್ಟರಮ್ಮನನ್ನೂ ಕರೆಸಿ ಕೂರಿಸಿದ್ದಳು.

ಮಾಲೀಕ ಕತ್ತರಿ, ಟೇಪು ಸರಿಸಿ ಮೇಜಿನ ಮೇಲೆ ಹಾಳೆ ಬಿಚ್ಚಿದ. ಎಲ್ಲವೂ ಬೂದು. ನಡುವೆ ಒಂದು ಕಪ್ಪು ಚೌಕ. ಮೂಲೆಯಿಂದ ಮೂಲೆಗೆ ಒರಟಾದ ಕರಿ ಗೀಟು. ಕೆಳಗೆ ಅಕ್ಕನ ಸಹಿ.

“ಇದರ ಅರ್ಥ ಏನು ಸರ್?” ಅಕ್ಕ ಬದುಕಿದ್ದಾಗ ತಂಗಿ ಒಮ್ಮೆಯೂ ಹೀಗೆ ಕೇಳಿರಲಿಲ್ಲ. ಈಗ ಅದೇ ಸಂಕಟ.

“ಅಯ್ಯೋ, ಆ ಗೀಟು ನೋಡಮ್ಮಾ! ಚೌಕ ಬದುಕು, ಗೀಟು ಸಾವು. ನಿಮ್ಮಕ್ಕನಿಗೆ ಮುಂಚೆಯೇ ಗೊತ್ತಾಗಿತ್ತೇನೋ! ಜನ ಮುಗಿಬೀಳ್ತಾರೆ. ಹತ್ತು ಪಟ್ಟು ಬೆಲೆ, ನಿಮಗೆ ಅರ್ಧ. ಇದು ಅವರ ಕೈಯದೇ ಅಂತ ಈ ಪತ್ರಕ್ಕೊಂದು ಸಹಿ ಹಾಕಿಬಿಡಿ.”

“ಯಾವಾಗ ಸಿಕ್ತು ಇದು?” — ಇನ್ಸ್‌ಪೆಕ್ಟರಮ್ಮ.

“ಸೋಮವಾರ. ಅವರೇ ಸಹಿ ಮಾಡಿ ಕೈಗೆ ಕೊಟ್ರು.”

“ಆಮೇಲೆ ಆ ಕಡೆ ಹೋಗಿದ್ರಾ?”

“ತಲೆ ಹಾಕಿಲ್ಲ ಮೇಡಂ.”

“ಈ ಚಿತ್ರದ್ದು ತೆಗೆದದ್ದು ಹತ್ತೇ ಪ್ರತಿ ಅಂತಾರಲ್ಲ ತಾತ?”

“ಇದು ಕಲಾವಿದರು ತಮಗೇ ಅಂತ ಇಟ್ಕೊಳ್ಳೋ ಪ್ರತಿ. ಹತ್ತರಲ್ಲಿ ಸೇರಲ್ಲ.”

“ಗೀಟು? ಸೋಮವಾರವೇ ಇತ್ತಾ?”

“ಗೀಟಿಲ್ಲದೆ ಚಿತ್ರ ಎಲ್ಲಿದೆ ಮೇಡಂ? ಅದೇ ಇದರ ಪ್ರಾಣ!”

ಇನ್ಸ್‌ಪೆಕ್ಟರಮ್ಮ ಚೀಲದಿಂದ ಇನ್ನೊಂದು ಹಾಳೆ ತೆಗೆದು ಪಕ್ಕದಲ್ಲಿಟ್ಟಳು. ಅದೇ ಬೂದು, ಅದೇ ಚೌಕ. ಗೀಟು ಮಾತ್ರ ಇಲ್ಲ! ಕೆಳಗೆ ಪೆನ್ಸಿಲ್ಲಿನಲ್ಲಿ ಅಕ್ಕನ ಸಹಿ — ಹತ್ತನೆಯ ಪ್ರತಿ, ಬುಧವಾರದ ತಾರೀಖು.

ತಂಗಿ ಬಗ್ಗಿ ಎರಡೂ ಹಾಳೆಗಳನ್ನು ನೋಡಿದಳು.

“ತಾಮ್ರದ ತಗಡಿನ ಮೇಲೆ ಚಿತ್ರ ಗೀರಿ, ಶಾಯಿ ತುಂಬಿ, ಕಾಗದಕ್ಕೆ ಒತ್ತೋದು ಇವರ ಕೆಲಸ,” ಎಂದಳು ಇನ್ಸ್‌ಪೆಕ್ಟರಮ್ಮ. “ಹೇಳಿದಷ್ಟು ಪ್ರತಿ ಮುಗಿದ ಮೇಲೆ ಯಾರೂ ಕದ್ದು ಅಚ್ಚು ಹಾಕಬಾರದು ಅಂತ ತಗಡಿಗೆ ಗೀಟೆಳೆದು ಕೆಡಿಸಿಬಿಡ್ತಾರೆ. ಕೆಡಿಸಿದ್ದಕ್ಕೆ ಸಾಕ್ಷಿಯಾಗಿ ಒಂದೇ ಒಂದು ಹಾಳೆ ಒತ್ತಿ ಇಡ್ತಾರೆ. ಅದಕ್ಕೆ ಸಹಿ ಇಲ್ಲ, ಅದನ್ನ ಮಾರೋದೂ ಇಲ್ಲ. ಲಾಕಪ್ಪಿನಲ್ಲಿ ತಾತ ಹೇಳಿಕೊಟ್ಟ ಪಾಠ ಇದು. ಗೀಟು ಬಿದ್ದ ತಗಡು ಮೇಲಿನ ಕೋಣೆಯ ಅಚ್ಚಿನ ಯಂತ್ರದ ಮೇಲೇ ಇತ್ತು. ಹಾಳೆ ಮಾತ್ರ ಇರಲಿಲ್ಲ. ಬುಧವಾರದ ಹತ್ತನೆಯ ಪ್ರತಿಯಲ್ಲೇ ಗೀಟಿಲ್ಲ ಅಂದ್ರೆ, ಈ ಹಾಳೆ ಒತ್ತಿದ್ದು ಅದಾದ ಮೇಲೆ; ಸೋಮವಾರ ಇದು ಇರಲೇ ಇಲ್ಲ.”

“ಆ ತಾತನೇ ಕದ್ದು—” ಮಾಲೀಕ ತಡವರಿಸಿದ.

“ನಿಮಗೆ ಕೊಟ್ಟದ್ದು ಅವರಲ್ಲ, ಅಕ್ಕನೇ ಅಂತ ಈಗ ತಾನೇ ಹೇಳಿದ್ರಿ. ತಾತ ಆಗಿದ್ರೆ ಗೀಟು ಕಂಡ ಕೂಡಲೇ ಇದು ಮಾರೋ ಹಾಳೆ ಅಲ್ಲ ಅಂತ ಬಿಟ್ಟು ಹೋಗ್ತಿದ್ರು. ಹದಿನೈದು ವರ್ಷ ಚಿತ್ರ ಮಾರಿದ್ರಿ, ಒಂದು ದಿನ ಯಂತ್ರದ ಹತ್ತಿರ ನಿಂತು ನೋಡಲಿಲ್ಲ! ಬುಧವಾರ ಇನ್ನಷ್ಟು ಪ್ರತಿ ಕೇಳೋಕೆ ಹೋಗಿದ್ರಿ. ಆಗಲ್ಲ ಅಂದ್ರು. ತಳ್ಳಿದ್ರಿ. ಕೈಗೆ ಸಿಕ್ಕ ಹಾಳೆ ಎತ್ಕೊಂಡು, ಅವರ ಕೀಲಿಯಿಂದಲೇ ಬೀಗ ಹಾಕಿ ಬಂದ್ರಿ. ಇದರ ಮೇಲೆ ಅಕ್ಕನ ಸಹಿ ಹಾಕಿದ್ದೂ ನೀವೇ. ಕೊಂದವರು ನೀವು.”

ಮಾಲೀಕನ ಮುಖ ಸುಣ್ಣವಾಯಿತು. “ಬೀಳ್ತಾಳೆ ಅಂದ್ಕೊಂಡಿರಲಿಲ್ಲ,” ಎಂದ.

ತಂಗಿ ಅವನ ಕೊರಳಪಟ್ಟಿ ಹಿಡಿದಳು. ಇನ್ಸ್‌ಪೆಕ್ಟರಮ್ಮ ಬಿಡಿಸಬೇಕಾಯಿತು.

ಬಾಗಿಲಲ್ಲಿ ಅವನು ತಿರುಗಿ ನೋಡಿದ್ದು ಹಾಳೆಯನ್ನು. “ಅಂಚು ಮಡಚಬೇಡಿ ಮೇಡಂ. ಈ ಸುದ್ದಿ ಹೊರಗೆ ಬಿದ್ರೆ ಅದಕ್ಕೆ ಹತ್ತಲ್ಲ, ನೂರು ಪಟ್ಟು ಬೆಲೆ.”

ಪಾಪಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಅಂಗಡಿ ಮುಚ್ಚಿ ಅವಳು ತಾತನನ್ನು ಕರೆತರಲು ಸ್ಟೇಷನ್ನಿಗೆ ಹೊರಟಳು. ಯಾವ ಮುಖ ಇಟ್ಟುಕೊಂಡು ಎದುರು ನಿಲ್ಲುವುದೋ ಅವಳಿಗೆ ತಿಳಿಯಲಿಲ್ಲ.