ತಡವಾಗಿ ಬೀಳುವ ತಾಳ

ಡೆನ್ಮಾರ್ಕಿನ ಮೋರ್ಸ್ ದ್ವೀಪದ ಹಳೆಯ ದನದ ಕೊಟ್ಟಿಗೆಯೊಂದರಲ್ಲಿ ನಾನೂ ಟೋರ್ಕಿಲನೂ ಪುಟ್ಟ ರೆಕಾರ್ಡ್ ಕಂಪನಿ ನಡೆಸುತ್ತಿದ್ದೆವು. ಬೇರೆ ಬೇರೆ ಊರುಗಳ ಹಳೆಯ ಜಾಜ್ ಟೇಪುಗಳನ್ನು ಆರಿಸಿ, ಕೊನೆಗೆ ಕೊಟ್ಟಿಗೆಯಲ್ಲೇ ನಾವು ಧ್ವನಿಮುದ್ರಿಸಿದ ಒಂದನ್ನು ಸೇರಿಸಿ ಸಂಕಲನ ಮಾಡಿದೆವು. ಪರೀಕ್ಷೆಗೆಂದು ಅಚ್ಚೊತ್ತಿಸಿದ ಮೊದಲ ಗ್ರಾಮಫೋನ್ ತಟ್ಟೆಯನ್ನು ಒಂದು ಮಧ್ಯಾಹ್ನ ಕೇಳಿದಾಗ, ಅದರ ಎಲ್ಲ ಹಾಡುಗಳಲ್ಲೂ ಒಂದೇ ಬೂಟು ಹಲಗೆಯ ಮೇಲೆ ತಾಳ ಹಾಕುತ್ತಿತ್ತು, ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗಿ.

“ಇದು ನಿನ್ನದೇ ಕೈಚಳಕ. ಸತ್ತವರ ಸಂಗೀತಕ್ಕೂ ಒಗ್ಗರಣೆ ಹಾಕ್ತೀಯಲ್ಲೋ, ಟೋರ್ಕಿಲ್!” ಎಂದೆ.

“ಕಿವಿ ತೊಳ್ಕೋ ಮಾರಾಯ. ನಾನು ಮುಟ್ಟೇ ಇಲ್ಲ.”

“ಹಾಗಾದ್ರೆ ಕೊಟ್ಟಿಗೇಲಿ ಮಾಡಿದ ನಮ್ಮ ಮೂಲ ಟೇಪು ಕೇಳೋಣ. ಅದರಲ್ಲಿ ಬೂಟಿಲ್ದಿದ್ರೆ ನಮ್ಮ ಪಾಲುದಾರಿಕೆ ಇವತ್ತಿಗೇ ಮುಗೀತು.”

ನನ್ನ ಬೀರುವಿನ ಬೀಗ ತೆಗೆದು ಟೇಪು ಹಾಕಿದೆ. ಬೂಟು ಅದರಲ್ಲೂ ಇತ್ತು. ಸಂಗೀತ ಮುಗಿದ ಮೇಲೂ ಅದು ನಿಲ್ಲಲಿಲ್ಲ. ನಿಧಾನವಾಗಿ ಮೈಕಿನ ಹತ್ತಿರಕ್ಕೆ ನಡೆದು ಬಂತು. ಯಾರೋ ಉಸಿರೆಳೆದುಕೊಂಡರು.

ಟೋರ್ಕಿಲ್ ನನ್ನ ಮುಖವನ್ನೇ ನೋಡಿದ. “ಬೀಗದ ಕೈ ಇದ್ದದ್ದು ನಿನ್ನ ಹತ್ರ ಅಲ್ವಾ?” ಎಂದು ಕೇಳಿ, ಕೋಟು ಎತ್ತಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ.

ಕೊಟ್ಟಿಗೆಯ ಧ್ವನಿಮುದ್ರಣದ ದಿನ ನೆಲದ ಹಲಗೆ ಕಿರುಗುಟ್ಟಬಾರದೆಂದು ವಾದಕರೂ ಸೇರಿ ನಾವೆಲ್ಲರೂ ಉಣ್ಣೆಯ ಕಾಲುಚೀಲದಲ್ಲೇ ಇದ್ದೆವು. ಎಲ್ಲರ ಬೂಟುಗಳನ್ನೂ ಬಾಗಿಲಾಚೆ ಸಾಲಾಗಿ ಇಟ್ಟವನು ನಾನೇ.