ಹೊಳೆ ದಾಟಿದ ಹೆಜ್ಜೆ

ಕೆಂಚೇಶನನ್ನು ನಾನು ಮೊದಲು ಕಂಡಾಗ ಅವನ ಕೈಯಲ್ಲಿ ನನ್ನ ನಾಯಿಯ ಹಗ್ಗವಿತ್ತು. ಅವನ ಬೆನ್ನ ಹಿಂದೆ, ಬೋನಿನಲ್ಲಿ, ಚಿರತೆಯಿತ್ತು.

ನವೆಂಬರಿನ ಬೆಳಗು. ಜಗಳೂರಿನ ಟೂರ್ ಮುಗಿಸಿ, ಹೊನ್ನಾಳಿಯಲ್ಲಿ ಗೆಳತಿಯ ಮನೆಯಲ್ಲಿ ಉಳಿದು, ಮೊದಲ ಬಸ್ಸಿಗೆ ನ್ಯಾಮತಿಗೆ ಬಂದಿದ್ದೆ. ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಫ್ರಿಜ್‌ಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಫ್ರಿಜ್ ಕೈಕೊಟ್ಟರೂ ಫೋನ್ ಬರುವುದು ನನಗೇ. ಒಳಗಿನ ಉಷ್ಣತೆ ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟು ದಾಟಬಾರದು. ಅರ್ಧ ತಿಂಗಳು ಬಸ್ಸಿನ ಕಿಟಕಿಯ ಪಕ್ಕ, ಇನ್ನರ್ಧ ನ್ಯಾಮತಿಯ ಊರಂಚಿನ ಬಾಡಿಗೆ ಮನೆಯಲ್ಲಿ. ಅಲ್ಲಿ ನನಗಾಗಿ ಕಾಯುತ್ತಿದ್ದವು ಎರಡು ಜೀವ. ಟೂಲ್‌ಬಾಕ್ಸಿನ ಮೇಲೆ ಮಲಗುವ ಬೋರಿ ಎಂಬ ಬೆಕ್ಕು, ಸಜ್ಜೆ ಹಿಟ್ಟಿನ ಬಣ್ಣದ್ದೆಂದು ಸಜ್ಜೆ ಎಂದೇ ಕರೆಯುವ ಹೆಣ್ಣುನಾಯಿ. ನಾನಿಲ್ಲದಾಗ ಪಕ್ಕದ ಮನೆಯ ದ್ಯಾಮಮ್ಮ ಅವಕ್ಕೆ ಅನ್ನ ಹಾಕುತ್ತಿದ್ದರು.

ಬಸ್ಸಿನಿಂದ ಇಳಿಯುವಷ್ಟರಲ್ಲೇ ದ್ಯಾಮಮ್ಮನ ಫೋನ್. ನಿನ್ನೆಯಿಂದ ಸಜ್ಜೆ ಕಾಣುತ್ತಿಲ್ಲವಂತೆ. ಮೆಕ್ಕೆಜೋಳದ ಹೊಲದ ಬೋನಿಗೆ ಚಿರತೆ ಬಿದ್ದಿದೆಯಂತೆ. ಬೋನಿನ ಹಿಂದಿನ ಅರೆಯಲ್ಲಿ ಚಿರತೆಗೆ ಆಸೆ ತೋರಿಸಲೆಂದು ಕಟ್ಟಿದ ನಾಯಿ ಸಜ್ಜೆಯ ಹಾಗೇ ಇದೆಯಂತೆ. ನಾನು ಟೂಲ್‌ಬಾಕ್ಸ್ ಹೊತ್ತುಕೊಂಡೇ ಓಡಿದೆ.

ಸಜ್ಜೆಯೇ. ಚಿರತೆಗೂ ಅದಕ್ಕೂ ನಡುವೆ ಇದ್ದದ್ದು ಕಬ್ಬಿಣದ ಸರಳುಗಳು ಮಾತ್ರ. ಖಾಕಿ ಪ್ಯಾಂಟಿನ ಅರಣ್ಯ ಇಲಾಖೆಯ ವಾಚರ್, ಕೆಂಚೇಶ್, ಹಿಂಬಾಗಿಲಿನಿಂದ ಅದನ್ನು ಹೊರಗೆ ತೆಗೆಯುತ್ತಿದ್ದ. ಯಾರನ್ನು ಕೇಳಿ ನನ್ನ ನಾಯಿಯನ್ನು ಕಟ್ಟಿದಿರಿ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ಕೊಳ್ಳಾಗೆ ಬೆಲ್ಟ್ ಇರಲಿಲ್ಲ ಮೇಡಮ್ಮೋರೆ. ಬೀದಿ ನಾಯಿ ಅಂತ ಊರಾರು ಹಿಡ್ದು ಕೊಟ್ರು. ತಪ್ಪಾತು."

ಬೆಲ್ಟ್ ನನ್ನ ಬ್ಯಾಗಿನಲ್ಲೇ ಇತ್ತು. ಚಿರತೆಯ ಸುದ್ದಿ ಕೇಳಿದ ದಿನ ನಾನೇ ಬಿಚ್ಚಿದ್ದೆ. ಸಾಸ್ವೆಹಳ್ಳಿಯಲ್ಲಿ ನನ್ನನ್ನು ಸಾಕಿದ ಅಜ್ಜಿ, ಕರಿಬಸಮ್ಮ, ತೀರಿಕೊಂಡು ಮೂರು ವರ್ಷವಾದರೂ ಅವಳ ಕಥೆಗಳು ನನ್ನನ್ನು ಬಿಟ್ಟಿಲ್ಲ. ಕೊರಳಲ್ಲಿ ಗೆಜ್ಜೆ ಇರುವ ನಾಯಿಯನ್ನು ಚಿರತೆ ಕಿವಿಯಿಂದಲೇ ಹುಡುಕಿಕೊಂಡು ಬರುತ್ತದೆ ಎಂದು ಅವಳು ಹೇಳುತ್ತಿದ್ದಳು. ಸಜ್ಜೆಯ ಬೆಲ್ಟಿಗೆ ಗೆಜ್ಜೆಯಿತ್ತು. ಉಳಿಸಲೆಂದು ಬಿಚ್ಚಿದೆ. ಬಿಚ್ಚಿದ್ದಕ್ಕೇ ಅದು ಬೋನು ಸೇರಿತು.

ಆಗ ಚಿರತೆ ತಲೆಯೆತ್ತಿತು. ಎಡಗಿವಿ ಹರಿದಿತ್ತು. ನನ್ನನ್ನಾಗಲಿ ಕೆಂಚೇಶನನ್ನಾಗಲಿ ಅದು ನೋಡಲಿಲ್ಲ. ಸಜ್ಜೆಯನ್ನು ನೋಡಿತು, ಸಜ್ಜೆಯೂ ನೋಡಿತು. ಅಜ್ಜಿಯ ಇನ್ನೊಂದು ಮಾತು ನೆನಪಾಯಿತು. ಕಣ್ಣಿಗೆ ಕಣ್ಣು ಕೊಟ್ಟವರನ್ನು ಚಿರತೆ ಮರೆಯುವುದಿಲ್ಲ, ಎಷ್ಟು ದೂರ ಬಿಟ್ಟು ಬಂದರೂ.

ಆ ದಿನದಿಂದ ಸಜ್ಜೆ ಬೊಗಳುವುದನ್ನು ಬಿಟ್ಟಿತು.

ಮಾರನೆಯ ಸಂಜೆ ಕೆಂಚೇಶ್ ನಾಲ್ಕು ಮೊಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೊಟ್ಟೆ ನಾಯಿಗೆ, ಕ್ಷಮೆ ನನಗೆ ಎಂದ. ನನ್ನ ಕೈಯಿಂದಲೂ ತಿನ್ನದೆ ಮೂಲೆ ಹಿಡಿದಿದ್ದ ಸಜ್ಜೆ ಎದ್ದು ಹೋಗಿ ಅವನ ಪಾದದ ಮೇಲೆ ಮೂತಿಯಿಟ್ಟಿತು. ನನಗೆ ಹೊಟ್ಟೆಕಿಚ್ಚು. ಆಮೇಲೆ ಗೊತ್ತಾಯಿತು, ಬೋನಿನ ಬಾಗಿಲು ಬಿದ್ದ ಮೇಲೆ ಜೀಪು ಬರುವವರೆಗೂ ಅವನು ಸಜ್ಜೆಯ ಪಕ್ಕದಲ್ಲೇ ಕೂತು ಮಾತಾಡಿಸುತ್ತಿದ್ದನಂತೆ.

"ಏನ್ ಮಾತಾಡಿದ್ರಿ ಅಷ್ಟೊತ್ತು?"

"ಹೆದರ್‌ಬ್ಯಾಡ ಅಂದೆ. ಆಮೇಲೆ ಮಾತು ಖಾಲಿ ಆದ್ವು. ಹೊನ್ನಾಳಿ ಬಸ್ಸಿನ ಟೈಮೆಲ್ಲ ಒಂದೊಂದಾಗಿ ಹೇಳ್ತಾ ಕುಂತೆ."

ನಗಬಾರದೆಂದುಕೊಂಡಿದ್ದೆ. ನಕ್ಕೆ.

ಅವನದೂ ನನ್ನಂಥದೇ ಬದುಕು. ಎಲ್ಲಿ ಚಿರತೆ, ಎಲ್ಲಿ ಕರಡಿ ಎಂದು ಕರೆ ಬಂದರೂ ಬೋನಿನ ಜೊತೆ ಹೊರಡಬೇಕು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಭಾನುವಾರ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನನ್ನ ಟೂರಿಗೆ ಕೆಂಪು, ಅವನದಕ್ಕೆ ನೀಲಿ ಗುರುತು ಹಾಕಿದೆವು. ಯಾರು ಊರಲ್ಲಿದ್ದರೆ ಅವರ ಹತ್ತಿರ ಸಜ್ಜೆ. ಎರಡೂ ಬಣ್ಣ ಇಲ್ಲದ ಚೌಕಗಳು ತಿಂಗಳಿಗೆ ನಾಲ್ಕೋ ಐದೋ. ಬಸ್ಸಿನಲ್ಲಿ ಕೂತು ಆ ಬಿಳಿ ಚೌಕಗಳನ್ನೇ ಎಣಿಸುತ್ತಿದ್ದೆ.

ಅಂಥ ದಿನ ಅವನು ಕಟ್ಟೆಯ ಮೇಲೆ ಕೂತು, ಚಹಾದ ಲೋಟದ ಅಂಚಿನಿಂದ ನನ್ನನ್ನು ನೋಡುತ್ತಿದ್ದ. ನಾನು ತಿರುಗಿದರೆ ಬೋರಿಯನ್ನು ನೋಡುತ್ತಿದ್ದ. ಬೋರಿಗೂ ಅದು ಗೊತ್ತಾಗಿ ಮುಖ ತಿರುಗಿಸುತ್ತಿತ್ತು.

"ಫ್ರಿಜ್ ಮೇಡಂ, ಇವತ್ತು ನೀವು ಎಷ್ಟು ಡಿಗ್ರಿ?"

"ಎರಡು."

"ಸುಳ್ಳು. ಕೆನ್ನೆ ನೋಡಿದ್ರೆ ಎಂಟು ದಾಟೈತೆ. ಲಸಿಕೆ ಕೆಡ್ತಾವೆ."

ಚಿರತೆಯನ್ನು ಜಗಳೂರಿನಾಚೆಯ ಕಾಡಿಗೆ ಬಿಟ್ಟು ಬಂದಿದ್ದರು. ಜನವರಿಯಲ್ಲಿ ಜಗಳೂರಿನ ಕೇಂದ್ರದ ನರ್ಸ್ ಅರುಣಾ ತನ್ನ ಮೊಬೈಲಿನಲ್ಲಿ ಯಾರೋ ಕಳಿಸಿದ ಫೋಟೋ ತೋರಿಸಿದಳು. ಹೊಲದ ಬದುವಿನ ಮೇಲೆ ಚಿರತೆ. ಎಡಗಿವಿ ಹರಿದಿತ್ತು. ಮನೆಗೆ ಬಂದು ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಜಗಳೂರು. ಫೆಬ್ರವರಿಯಲ್ಲಿ ಚನ್ನಗಿರಿ ಕಡೆಯ ಗುಡ್ಡದಲ್ಲಿ ಎರಡು ಕರು ಹೋದವು ಎಂದು ಅಲ್ಲಿಯ ಕೇಂದ್ರದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಬರೆದೆ. ಮಾರ್ಚಿನಲ್ಲಿ ಸಾಸ್ವೆಹಳ್ಳಿ. ಅಜ್ಜಿ ಕೂತು ಕಥೆ ಹೇಳುತ್ತಿದ್ದ ಜಗಲಿಯ ಹಿಂದಿನ ಕಣದಲ್ಲೇ ಹೆಜ್ಜೆ ಮೂಡಿತ್ತಂತೆ.

ಬರಬರುತ್ತ ನ್ಯಾಮತಿಗೆ ಹತ್ತಿರವಾಗುತ್ತಿದ್ದ ಮೂರೂ ಹೆಸರನ್ನು ಕೆಂಚೇಶನಿಗೆ ತೋರಿಸಿದೆ. ಚಿರತೆಗಳು ಬೇಕಾದಷ್ಟಿವೆ, ಎಲ್ಲವೂ ಒಂದೇ ಎಂದುಕೊಳ್ಳಬಾರದು ಎಂದ. ಆಮೇಲೆ ಅಂದ:

"ನಡುವೆ ಹೊಳೆ ಐತೆ."

ಅದನ್ನು ನನಗೆ ಹೇಳಲಿಲ್ಲ, ಸಜ್ಜೆಯನ್ನು ನೋಡುತ್ತ ಹೇಳಿದ. ಅವನಿಗೂ ಭಯವಿದೆ ಎಂದು ಅವತ್ತು ತಿಳಿಯಿತು. ಅವನನ್ನು ಪ್ರೀತಿಸುತ್ತಿದ್ದೇನೆ ಎಂದೂ ಅವತ್ತೇ ತಿಳಿಯಿತು. ಎರಡೂ ಒಂದೇ ಕ್ಷಣದಲ್ಲಿ ತಿಳಿದದ್ದರಿಂದ ಇವತ್ತಿಗೂ ನನಗೆ ಅವನ್ನು ಬೇರೆ ಮಾಡಲು ಬರುವುದಿಲ್ಲ.

ಏಪ್ರಿಲಿನಲ್ಲಿ ಹೊಳೆ ತೆಳ್ಳಗಾಯಿತು. ಬಂಡೆಗಳು ಬೆನ್ನು ತೋರಿಸಿದವು. ಒಂದು ಬೆಳಿಗ್ಗೆ ಈ ದಡದ ಮರಳಿನಲ್ಲಿ ಹೆಜ್ಜೆ ಕಂಡಿತು. ನಾಲ್ಕು ದಿನಕ್ಕೆ ದ್ಯಾಮಮ್ಮನ ಕರು ಹೋಯಿತು. ಅದರ ಮಾರನೆಯ ದಿನ ನಮ್ಮ ಬಾಗಿಲಿನ ಹೊರಗೆ, ಸಜ್ಜೆ ನೀರು ಕುಡಿಯುವ ಬಟ್ಟಲಿನ ಪಕ್ಕದ ಹಸಿ ಮಣ್ಣಿನಲ್ಲಿ, ನನ್ನ ಅಂಗೈ ಅಗಲದ ಗುರುತು.

ಮಧ್ಯಾಹ್ನ ದ್ಯಾಮಮ್ಮ ಬಂದು ಕೂತರು. ಕರುವನ್ನು ನೆನೆದು ಅತ್ತರು. ಚಿರತೆ ಬಂದಿರುವುದು ನಿನ್ನ ನಾಯಿಗಾಗಿ, ಅದನ್ನೇ ಬೋನಿಗೆ ಕಟ್ಟಲಿ ಎಂದು ಊರವರೆಲ್ಲ ಹೇಳುತ್ತಿದ್ದಾರೆ ಎಂದರು. ಅರಣ್ಯ ಇಲಾಖೆಯ ಸಾಹೇಬರೂ ಒಪ್ಪಿ, ಸಂಜೆಯೊಳಗೆ ನಾಯಿ ತರಬೇಕೆಂದು ಕೆಂಚೇಶನಿಗೇ ಹೇಳಿದ್ದಾರಂತೆ. ತರದಿದ್ದರೆ ಅವನು ಕೆಲಸ ಬಿಟ್ಟು ಮನೆಗೆ ಹೋಗಬಹುದಂತೆ.

ಸಜ್ಜೆಯನ್ನು ಒಳಗೆ ಕೂಡಿ ಚಿಲಕ ಹಾಕಿದೆ. ಹೊತ್ತು ಮುಳುಗುವಾಗ ಅವನು ಬಂದ. ಕೈಯಲ್ಲಿ ಹಗ್ಗವಿತ್ತು.

"ಬಾಗಿಲು ತೆಗೀರಿ."

"ಹಗ್ಗ ಹಿಡ್ಕೊಂಡು ಬಂದೋರಿಗೆ ತೆಗಿಯಲ್ಲ."

ಅವನು ಕೈ ನೋಡಿಕೊಂಡ, ಅಲ್ಲಿ ಹಗ್ಗ ಇರುವುದು ಆಗಷ್ಟೇ ಕಂಡವನ ಹಾಗೆ. ಬೋನಿನ ಬಾಗಿಲಿಗೆ ತಂದದ್ದು ಎಂದು ಗೊಣಗಿ, ಅದನ್ನು ಸುತ್ತಿ ಕಿಟಕಿಯ ಸರಳಿನ ನಡುವೆ ನನ್ನತ್ತ ಚಾಚಿದ.

"ಇದು ನಿಮ್ಮತ್ರಾನೇ ಇರ್ಲಿ. ಸಜ್ಜೆನ ಕಟ್ಟಲ್ಲ ಅಂತ ಹೇಳಿ ಬಂದೀನಿ. ಈ ಒಂದು ರಾತ್ರಿ ನನ್ನ ಹಾದಿಗೆ ಬಿಡ್ರಿ, ಚಿರತೆ ಬೀಳದಿದ್ರೆ ಕೆಲಸ ಬಿಡ್ತೀನಿ ಅಂದೆ. ನಂಗೆ ಸಜ್ಜೆ ಮಲಗೋ ಗೋಣಿ ಬೇಕು. ಸಜ್ಜೆ ದನಿ ಬೇಕು."

ದನಿ. ಐದು ತಿಂಗಳಿಂದ ಈ ಮನೆಯಲ್ಲಿ ಕೇಳದ ದನಿ ನನ್ನ ಫೋನಿನಲ್ಲಿತ್ತು. ಹಿಂದೊಮ್ಮೆ, ಟೂರಿನಿಂದ ಬಂದ ನನ್ನನ್ನು ಗೇಟಿನಲ್ಲಿ ಕಂಡು ಸಜ್ಜೆ ಬೊಗಳಿದ ನಲವತ್ತು ಸೆಕೆಂಡು. ಪರವೂರಿನ ಲಾಡ್ಜುಗಳಲ್ಲಿ ಅದನ್ನು ಕೇಳಿಯೇ ನಿದ್ದೆ ಹೋಗುತ್ತಿದ್ದೆ. ಅವನಿಗೆ ಒಂದೇ ಸಲ ಕೇಳಿಸಿದ್ದೆ. ನೆನಪಿಟ್ಟುಕೊಂಡಿದ್ದ.

ಬಾಗಿಲು ತೆಗೆದೆ. ಗೋಣಿ ಕೊಟ್ಟೆ, ಫೋನ್ ಕೊಟ್ಟೆ. ಬೆರಳು ತಾಗಿದಾಗ ಇಬ್ಬರೂ ಕೈ ತೆಗೆಯಲಿಲ್ಲ. ಬೋನಿನ ಹತ್ತಿರದ ಪಂಪ್‌ಹೌಸಿನಲ್ಲಿ ಕೂತು ಕಾಯುತ್ತೇನೆ, ಬೆಳಗಾದ ಕೂಡಲೇ ಫೋನ್ ತಂದುಕೊಡುತ್ತೇನೆ ಎಂದ. ಹೋಗಬೇಡಿ ಎನ್ನಬೇಕಿತ್ತು. ಹಾಗೆಂದಿದ್ದರೆ ಸಜ್ಜೆ ಹೋಗಬೇಕಾಗುತ್ತಿತ್ತು.

"ಹೋಗಿ ಬನ್ನಿ" ಅಂದೆ.

ಕತ್ತಲಾದ ಮೇಲೆ ಹೊಲದ ಕಡೆಯಿಂದ ಸಜ್ಜೆಯ ಬೊಗಳಿಕೆ ಕೇಳತೊಡಗಿತು. ಮತ್ತೆ ಮತ್ತೆ ಅದೇ ನಲವತ್ತು ಸೆಕೆಂಡು. ಸಜ್ಜೆ ನನ್ನ ತೊಡೆಯ ಮೇಲೆ ತಲೆಯಿಟ್ಟು, ತನ್ನದೇ ಹಳೆಯ ದನಿಯನ್ನು ಕಿವಿ ನಿಮಿರಿಸಿ ಕೇಳುತ್ತಿತ್ತು.

ಬೆಳಗಾಯಿತು. ಫೋನ್ ಬರಲಿಲ್ಲ. ಬಿಸಿಲು ಕಟ್ಟೆಗೆ ಬಂದರೂ ಅವನು ಬರಲಿಲ್ಲ. ಕರೆ ಮಾಡೋಣವೆಂದರೆ ಫೋನ್ ಅವನಲ್ಲೇ ಇತ್ತು. ಬರಿದಾದ ಹೊಲದ ನಡುವೆ ನಡೆದೆ, ಆಮೇಲೆ ಓಡಿದೆ.

ಬೋನಿನ ಬಾಗಿಲು ಬಿದ್ದಿತ್ತು. ಹರಿದ ಕಿವಿಯ ಚಿರತೆ ಸಜ್ಜೆಯ ಗೋಣಿಯ ಮುಂದೆ ಕೂತಿತ್ತು. ನಡುವಿನ ಸರಳಿನಾಚೆ ನನ್ನ ಫೋನ್ ಇನ್ನೂ ಸಣ್ಣಗೆ ಬೊಗಳುತ್ತಿತ್ತು. ಪಂಪ್‌ಹೌಸಿನ ಗೋಡೆಗೊರಗಿ ಕೆಂಚೇಶ್ ಕಣ್ಣು ಮುಚ್ಚಿ ಕೂತಿದ್ದ. ಎಡಗೈಗೆ ಸುತ್ತಿದ ಟವೆಲ್ ಕೆಂಪಾಗಿತ್ತು.

ಹೆಸರು ಹಿಡಿದು ಕೂಗಿದೆ. ಕಣ್ಣು ತೆರೆದ.

"ಬೆಳಕು ಹರಿಯಾಕೆ ಬಂದಾಗ ಬಿತ್ತು. ಕೊಂಡಿ ಸರಿ ಕುಂತಿರಲಿಲ್ಲ. ಕುಂದ್ರಸಾಕೆ ಹೋದೆ, ಪಂಜ ಹಾಕ್ತು. ಎದ್ದು ಬರಾಣ ಅಂದ್ರೆ ಅದು ನನ್ನೇ ನೋಡ್ತಿತ್ತು."

ನಾನು ತಿರುಗಿದೆ. ಈಗಲೂ ಅದು ಅವನನ್ನೇ ನೋಡುತ್ತಿತ್ತು. ನನ್ನನ್ನಲ್ಲ. ಫೋನನ್ನೂ ಅಲ್ಲ.

ಆರೋಗ್ಯ ಕೇಂದ್ರದಲ್ಲಿ ಗಾಯವನ್ನು ಸೋಪು ಹಾಕಿ ತುಂಬ ಹೊತ್ತು ತೊಳೆದರು, ಅದರ ಸುತ್ತ ಸೂಜಿಮದ್ದು ಚುಚ್ಚಿದರು, ರೇಬೀಸ್ ಲಸಿಕೆ ಕೊಟ್ಟರು. ಹೋದ ವಾರ ನಾನೇ ಸರಿಮಾಡಿದ ಫ್ರಿಜ್ಜಿನಿಂದ ತೆಗೆದ ಬಾಟಲಿ. ಎಷ್ಟು ಡಿಗ್ರಿ ಇತ್ತೆಂದು ಅವನು ನೋವಿನಲ್ಲೂ ಕೇಳಿದ. ನಾಲ್ಕು ಎಂದೆ. ನನಗೆ ಅಳು ಬಂತು.

ಮನೆಯ ಗೇಟು ತೆರೆದಾಗ ಸಜ್ಜೆ ಎದ್ದು ನಿಂತು ಬೊಗಳಿತು. ಐದು ತಿಂಗಳ ಮೇಲೆ, ನಿಜವಾದ ಗಂಟಲಿನಿಂದ. ಅವನನ್ನು ಕಂಡ ಖುಷಿಗೋ, ಅವನ ಬಟ್ಟೆಗೆ ಹತ್ತಿದ ವಾಸನೆಗೋ, ನನಗೆ ಗೊತ್ತಾಗಲಿಲ್ಲ. ಅವನು ಬಗ್ಗಿ ಅದರ ತಲೆ ಸವರಿದ.

ಲಸಿಕೆಯ ಉಳಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿದೆ. ಮೂರನೆಯ ದಿನ, ಏಳನೆಯದು, ಹದಿನಾಲ್ಕು, ಇಪ್ಪತ್ತೆಂಟು. ಅಲ್ಲಿಗೆ ನಿಲ್ಲಿಸಲಾಗದೆ ಸೆಪ್ಟೆಂಬರಿನವರೆಗೂ ಹಾಳೆ ತಿರುಗಿಸುತ್ತ ಹೋದೆ.

"ನವೆಂಬರಿಂದ ಏಪ್ರಿಲ್. ಅದು ವಾಪಸ್ ಬರೋಕೆ ಐದು ತಿಂಗಳು ತಗೊಂತು" ಅಂದೆ.

"ಈ ಸಲ ಇನ್ನೂ ದೂರ ಬಿಡ್ತಾರೆ. ಸೆಪ್ಟೆಂಬರ್‌ನಾಗೆ ಹೊಳೆನೂ ತುಂಬಿರ್ತೈತೆ."

"ಸೇತುವೆ ಐತಲ್ಲ."

ಅವನು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಸೆಪ್ಟೆಂಬರಿನ ಹಾಳೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದ.

"ಈ ತಿಂಗಳು ನಿಮ್ದೂ ಟೂರ್ ಇಲ್ಲ, ನನ್ದೂ ಇಲ್ಲ. ಅಷ್ಟರಾಗೆ ಮದುವೆ ಆಗಿರಾಣ. ಬಂದ್ರೆ ಒಬ್ಬನ್ನೇ ನೋಡಾದು ಬ್ಯಾಡ ಅದು. ಇಬ್ರನ್ನೂ ನೋಡ್ಲಿ."

ಬ್ಯಾಗಿನ ತಳದಿಂದ ಬೆಲ್ಟ್ ತೆಗೆದು, ಗೆಜ್ಜೆ ಬಿಚ್ಚದೆ, ಸಜ್ಜೆಯ ಕೊರಳಿಗೆ ಕಟ್ಟಿದೆ. ಇದು ನಮ್ಮದು, ಈ ಮನೆಯದು ಎಂದು ಕಂಡವರಿಗೆಲ್ಲ ತಿಳಿಯಲಿ.

ಸಜ್ಜೆ ಮೈ ಕೊಡವಿತು. ಗೆಜ್ಜೆಯ ದನಿ ಅಡುಗೆಮನೆ ದಾಟಿ, ಕಟ್ಟೆ ದಾಟಿ, ಬರಿದಾದ ಹೊಲದ ಮೇಲೆ ಹೊಳೆಯ ಕಡೆಗೆ ಹೋಯಿತು. ಅವನ ಬಲಗೈ ನನ್ನ ಕೈಯೊಳಗಿತ್ತು. ಚಿರತೆಗೆ ಕೇಳಿಸಿದರೆ ಕೇಳಿಸಲಿ ಎಂದುಕೊಂಡೆ.