ಕುದುರೆಗೆ ಬಾರದ ಬಟ್ಟೆ

"ಅಲ್ಲೇ ನಿಲ್ಲು! ಇನ್ನೊಂದು ಹೆಜ್ಜೆ ಮುಂದಿಟ್ರೆ ಮಡಕೆಯಲ್ಲಿರೋ ಬಣ್ಣ ಕೆಟ್ಟುಹೋಗುತ್ತೆ!"

ನೀಲಿ ಸೊಪ್ಪು ಕೊಳೆಸುವ ಗುಡಿಸಲಿನೊಳಗಿಂದ ರಂಬು ಲೀಕಾ ಕೂಗಿದಳು. ಗಂಡಸರು ಈ ಕಡೆ ಸುಳಿಯಬಾರದೆಂದು ಸುಂಬಾ ದ್ವೀಪದಲ್ಲಿ ಪುಟ್ಟ ಮಕ್ಕಳಿಗೂ ಗೊತ್ತು. ಇವನಿಗೇನು ಬಂತು ಕೇಡು ಎಂದು ಬೈಯುತ್ತಾ ಹೊರಗೆ ಇಣುಕಿದವಳು ಹಾಗೇ ನಿಂತುಬಿಟ್ಟಳು.

ಬೇಲಿಯಾಚೆ ಕುದುರೆ ಹಿಡಿದು ನಿಂತಿದ್ದವನು ಉಂಬು ರೆತಾಂಗ್... ಮೂರು ವರ್ಷದ ಮೇಲೆ!

'ಅಯ್ಯೋ ಎದೆಯೇ, ಸ್ವಲ್ಪ ಸುಮ್ಮನಿರು...'

ಅಮ್ಮ ಮೊದಲೇ ತೀರಿಹೋಗಿದ್ದಳು. ಅಪ್ಪನೂ ಹೋದ ಮೇಲೆ ಲೀಕಾ ಒಂಟಿ. ಊರಿನ ಹೆಂಗಸರ ನೂಲಿಗೆಲ್ಲ ನೀಲಿ ಹಾಕಿಕೊಡುವ ಕೈಯೂ ಈಗ ಇವಳದೊಂದೇ. ಅಳು ಬಂದರೆ ಆ ಬಣ್ಣದ ಕೈಯಲ್ಲಿ ಕಣ್ಣೊರೆಸುವ ಹಾಗೂ ಇಲ್ಲ.

"ಯಾಕೆ ಬಂದೆ?"

"ಒಂದು ಮಾತು ಕೇಳೋಕೆ. ಅವತ್ತು ಹೆಣ್ಣು ಕೇಳಿ ನಮ್ಮವರು ಕುದುರೆ ಕೊಟ್ರು. ಅದಕ್ಕೆ ಬದಲಾಗಿ ನಿಮ್ಮ ಕಡೆಯಿಂದ ಬಟ್ಟೆ ಬರಲೇ ಇಲ್ಲ. ಬಟ್ಟೆ ಬರದಿದ್ರೆ ಹುಡುಗ ಬೇಡ ಅಂತ ತಾನೇ? ಎರಡು ವಾರ ಕಾದೆ, ಲೀಕಾ. ಆಮೇಲೆ ಹಡಗು ಹತ್ತಿದೆ."

ಲೀಕಾಳಿಗೆ ಮೈಯೆಲ್ಲ ಉರಿಯಿತು.

"ನಿಂಗೇ ಅಂತ ನೇಯ್ದಿದ್ದೆ ಕಣೋ! ಸೊಂಟಕ್ಕೊಂದು, ಹೆಗಲಿಗೊಂದು. ನೇಯ್ದು ಮುಗಿಸಿದ ದಿನಾನೇ ಅಪ್ಪ ಹೋದ್ರು. ಬೇರೆ ಬಟ್ಟೆ ಎಲ್ಲಿತ್ತು? ಎರಡನ್ನೂ ಅಪ್ಪಂಗೇ ಸುತ್ತಿ ಮಣ್ಣು ಮಾಡ್ದೆ... ನೀನು ಬರ್ತೀಯ ಅಂತ ದಾರಿ ನೋಡ್ದೆ!"

ರೆತಾಂಗ್‌ನ ಮುಖ ಬಾಡಿತು.

"ನಿಮ್ಮಪ್ಪ ಹೋದ ಸುದ್ದಿ ಸಿಕ್ಕಿತ್ತು... ಬೇಡ ಅಂದ ಮನೆಗೆ ಯಾವ ಮುಖ ಇಟ್ಕೊಂಡು ಬರ್ಲಿ ಅಂತ ಸುಮ್ಮನಾದೆ. ತಪ್ಪಾಯ್ತು. ಈಗ ಹೊರಡು, ನಮ್ಮನೆಗೆ ಹೋಗೋಣ."

ಈ ಮಾತಿಗಾಗಿ ಅವಳು ಎಷ್ಟು ಹಂಬಲಿಸಿದ್ದಳು! ಆದರೂ ಇಲ್ಲವೆಂದು ತಲೆಯಾಡಿಸಿದಳು.

"ಬರೋಕಾಗಲ್ಲ. ಅಮ್ಮ ಕಲಿಸಿದ್ದು ನನ್ನೊಬ್ಬಳ ಹತ್ರ ಉಳಿದಿದೆ. ನಾನು ಹೊರಟ್ರೆ ಈ ಊರಲ್ಲಿ ಮಗ್ಗ ನಿಲ್ಲುತ್ತೆ."

ಮತ್ತೆ ಹೋಗುತ್ತಾನೆ ಎಂದುಕೊಂಡು ಲೀಕಾ ಮುಖ ತಿರುಗಿಸಿದಳು.

ರೆತಾಂಗ್ ಕುದುರೆಯನ್ನು ಅವಳ ಮನೆಯ ಕಂಬಕ್ಕೇ ಕಟ್ಟಿದ.

"ಹಾಗಾದ್ರೆ ನಾನೇ ಇಲ್ಲಿರ್ತೀನಿ."

"ಹೆಂಡತಿ ಮನೆ ಸೇರ್ದ ಅಂತ ಊರು ನಗುತ್ತೆ!"

"ನಗಲಿ ಬಿಡು."

"ಗುಡಿಸಲ ಹತ್ರ ಮಾತ್ರ ಬರಂಗಿಲ್ಲ."

"ಬರಲ್ಲ. ಅಡುಗೆ ಮಾಡಿ, ಇಲ್ಲೇ ನಿಂತು ಊಟಕ್ಕೆ ಕೂಗ್ತೀನಿ."

ಮೂರು ವರ್ಷದಿಂದ ಅವಳನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ. ಲೀಕಾ ಬೇಲಿಯ ಹತ್ತಿರ ಬಂದಳು.

"ಈಗ್ಲೇ ಒಂದ್ಸಲ ಕೂಗು..."

"ಅಡುಗೆ ಇನ್ನೂ ಆಗಿಲ್ವಲ್ಲ?"

"ಆದ್ರೂ ಕೂಗು."

"ಲೀಕಾ... ಊಟಕ್ಕೆ ಬಾರೇ!"